ಇನ್ನೂರ ಹನ್ನೆರಡು ಮೆಟ್ಟಿಲು

ಮಾರ್ಚ್ 2

ಜೋಡಿನ ಅಂಗಡಿಯ ಯಜಮಾನರಿಗೆ,

ಸುಖವಾಗಿ ತಲುಪಿದೆ. ರೈಲಿನಲ್ಲಿ ಕಿಟಕಿಯ ಪಕ್ಕ ಸಿಗಲಿಲ್ಲ. ಆದರೆ ಅಲ್ಲಿ ಕೂತಿದ್ದಾಕೆ ದಾರಿಯುದ್ದಕ್ಕೂ ಗೊರಕೆ ಹೊಡೆದದ್ದರಿಂದ ಅವಳ ಪಾಲಿನ ನೋಟವನ್ನೂ ನಾನೇ ನೋಡಿಕೊಂಡು ಬಂದೆ.

ತಂಗಿ ನಿಲ್ದಾಣಕ್ಕೆ ಬಂದಿದ್ದಳು. ಬಲಗೈಗೆ ಮೊಣಕೈವರೆಗೂ ಬಿಳಿ ಪಟ್ಟಿ. ಮೂಳೆ ಕೂಡಲು ಏಳು ವಾರ ಬೇಕಂತೆ. ಮೂರನೆಯ ಮಹಡಿಯಲ್ಲಿ ಒಂದು ಕೋಣೆ, ಒಂದು ಒಲೆ, ಒಂದು ಕಿಟಕಿ, ಅಷ್ಟೇ ಅವಳ ಮನೆ. ಉಳಿದ ಜಾಗವನ್ನೆಲ್ಲ ದೀಪದ ಟೋಪಿಗಳು ಹಿಡಿದಿವೆ. ದೀಪಕ್ಕೆ ಹೊದಿಸುವ ಬಟ್ಟೆಯ ಟೋಪಿ ಮಾಡುವುದು ಅವಳ ಕಸುಬು ಎಂದು ಗೊತ್ತಿತ್ತು, ಆದರೆ ತಂತಿಯ ಚೌಕಟ್ಟುಗಳೆಲ್ಲ ಸೂರಿನಿಂದ ಹಕ್ಕಿಯಿಲ್ಲದ ಪಂಜರಗಳ ಹಾಗೆ ನೇತಾಡುತ್ತವೆ ಎಂದು ಗೊತ್ತಿರಲಿಲ್ಲ. ಎರಡು ಸಲ ತಲೆ ಬಡಿದುಕೊಂಡೆ. ಬೆಳಿಗ್ಗೆಯೆಲ್ಲ ನಾನು ಬಟ್ಟೆ ಸುತ್ತಿ ಅಂಟು ಹಚ್ಚುತ್ತೇನೆ, ಅವಳು ಎಡಗೈ ಬೆರಳು ತೋರಿಸಿ ಬೈಯುತ್ತಾಳೆ. ಮಧ್ಯಾಹ್ನ ಎರಡರಿಂದ ಐದರವರೆಗೆ ಅಂಟು ಒಣಗಬೇಕು. ಆಗ ಅವಳಿಗೆ ನಿದ್ದೆ, ನನಗೆ ಬಿಡುವು.

“ಹೊರಗೆ ತಿರುಗಾಡಿ ಬರ್ತೀನಿ ಕಣೇ” ಅಂದೆ.

“ಅಕ್ಕಾ, ಈ ಊರಲ್ಲಿ ಉಸಿರು ಬಿಟ್ರೂ ಕಾಸು ಕೇಳ್ತಾರೆ. ಸುಮ್ನೆ ಬಿದ್ಕೋ.”

“ನಿಮ್ಮ ಭಾವ ಐದು ವರ್ಷ ಇದ್ದ ಊರು ಇದು. ಬಿಡಿಕಾಸಿಲ್ದೆ ಮೂಲೆ ಮೂಲೆ ನೋಡಿದ್ದಾರೆ.”

“ಹಾಗಾದ್ರೆ ಭಾವನ್ನೇ ಕೇಳು. ಎಂಟು ವರ್ಷದಿಂದ ಇಲ್ಲೇ ಇದ್ದೀನಿ, ನನಗಂತೂ ಯಾವುದೂ ಪುಕ್ಕಟೆ ಸಿಕ್ಕಿಲ್ಲ.”

ಆದ್ದರಿಂದ ಕೇಳುತ್ತಿದ್ದೇನೆ. ಮೂವತ್ತು ವರ್ಷದಿಂದ ನಿಮ್ಮ ಬಾಯಲ್ಲಿ ಕೇಳಿದ ಊರು. ನಮ್ಮ ಅಪ್ಪನ ಮನೆಗೆ ಮೊದಲ ಸಲ ಬಂದ ದಿನ ನೀವು ನನ್ನ ಹೆಸರನ್ನೂ ಕೇಳದೆ ಇದೇ ಊರಿನ ಕಥೆ ಶುರು ಮಾಡಿದಿರಿ. ದೀಪ ಹಚ್ಚುವ ಹೊತ್ತಿಗೆ ನಾನು ಒಪ್ಪಿಯಾಗಿತ್ತು. ಈಗ ಯಾವುದನ್ನು ಮೊದಲು ನೋಡಲಿ, ದಾರಿ ಹೇಗೆ, ಬರೆಯಿರಿ.

ಅಂಗಡಿಯ ಮುಂದಿನ ಬೆಂಚಿನ ಸಭೆಯವರಿಗೆ ಕೇಳಿದೆನೆಂದು ಹೇಳಿ. ಏಪ್ರಿಲ್ ಇಪ್ಪತ್ತಕ್ಕೆ ಗಿರಣಿಯಣ್ಣ, ಮಾಸ್ತರು, ಅಂಚೆಯಣ್ಣ ಮೂವರೂ ನಿಮ್ಮ ಬೆನ್ನು ಹಿಡಿದು ಇಲ್ಲಿಗೆ ಬರುವುದು ಗಟ್ಟಿ ತಾನೆ? ಈ ಸಲ ನೆಪ ಹೇಳಬೇಡಿ.

ನಿಮ್ಮವಳು

*

ಮಾರ್ಚ್ 6

ಮನೆಯೊಡತಿಗೆ,

ನಿನ್ನ ಕಾಗದವನ್ನು ಅಂಚೆಯಣ್ಣ ಅಂಗಡಿಗೇ ತಂದುಕೊಟ್ಟು, ನಾನು ಒಡೆಯುವವರೆಗೆ ಕದಲದೆ ನಿಂತ. ಓದಿ ಹೇಳಿದೆ. ಕೊನೆಯ ಸಾಲು ಬಿಟ್ಟೆ, ಅದು ನನ್ನದು.

ಇರಲಿ, ಕೇಳು. ಹೂಂ ಅನ್ನುತ್ತಿರಬೇಕು. ಹೂಂ ಅನ್ನುವವರಿಲ್ಲದೆ ನನಗೆ ಕಥೆ ಹೊರಡುವುದಿಲ್ಲ, ಅದು ನಿನಗೆ ಗೊತ್ತು.

ಮೊದಲು ವಸ್ತುಸಂಗ್ರಹಾಲಯ. ದೊಡ್ಡ ಕಂಬಗಳ ಕಟ್ಟಡ, ಯಾರನ್ನು ಕೇಳಿದರೂ ಹೇಳುತ್ತಾರೆ. ನೇರ ಎರಡನೆಯ ಅಂತಸ್ತಿಗೆ ಹೋಗು. ಅಲ್ಲೊಬ್ಬಳು ಕಲ್ಲಿನ ಹೆಂಗಸು ಕೂತಿದ್ದಾಳೆ. ಮುಖದಲ್ಲಿ ಸಿಟ್ಟೂ ಇಲ್ಲ, ನಗುವೂ ಇಲ್ಲ, ಕೆಲಸ ಮುಗಿಸಿ ಕೂತವಳ ಹಾಗೆ. ಹೋಗಿಬರುವವರು ಮುಟ್ಟಿ ಮುಟ್ಟಿ ಅವಳ ಎಡ ಮೊಣಕಾಲು ಕನ್ನಡಿಯ ಹಾಗೆ ಮಿನುಗುತ್ತದೆ. ಅವಳ ಎದುರು ದಿನವೂ ಒಬ್ಬ ಮುದುಕ ಬಂದು ನಿಲ್ಲುತ್ತಿದ್ದ. ಕಂದು ಬೂಟು, ಬಲಗಾಲಿನದರ ಹಿಮ್ಮಡಿ ಒಳಮೈ ಸವೆದಿತ್ತು. ಮಾತಿಲ್ಲ ಕಥೆಯಿಲ್ಲ, ಅರ್ಧ ಗಂಟೆ ನಿಂತು ಹೋಗುವವನು.

ಆಮೇಲೆ ಹೊಳೆ ದಾಟಿಸುವ ದೋಣಿ. ಎಡಗಡೆ ಕೂರು, ಬಿಸಿಲು ಬೀಳುವುದಿಲ್ಲ. ದೋಣಿಯವನ ರಬ್ಬರ್ ಬೂಟುಗಳಲ್ಲಿ ಒಂದು ಕರಿ, ಒಂದು ಹಸಿರು. ಭಾನುವಾರ ಉದ್ಯಾನದಲ್ಲಿ ವಾದ್ಯ ಬಾರಿಸುತ್ತಾರೆ. ಕೊಳಲಿನವನು ಮಿಂಚುವ ಕರಿ ಜೋಡಿನ ತುದಿಯಿಂದ ತಾಳ ಹಾಕುವುದನ್ನು ನೋಡುವುದೇ ಚೆಂದ.

ಆ ಊರಿನಲ್ಲಿ ಒಳ್ಳೆಯದೆಲ್ಲ ಬಾಗಿಲು ತೆರೆದಿಟ್ಟದ್ದೇ. ನಿನ್ನ ತಂಗಿಗೆ ಹೇಳು.

ತಿರುಗುವ ಬಾಗಿಲಿನ ಆ ದೊಡ್ಡ ಹೋಟೆಲ್ ಕಡೆ ಮಾತ್ರ ಹೋಗಬೇಡ. ನಾನು ಅಲ್ಲಿ ಬಂದವರನ್ನು ಬರಮಾಡಿಕೊಳ್ಳುವ ಕೆಲಸದಲ್ಲಿದ್ದೆ ನಿಜ, ಆದರೆ ಈಗ ಅಲ್ಲಿ ಯಾರಿದ್ದಾರೆ? ಬಾಗಿಲವನು ಒರಟ.

ಇಪ್ಪತ್ತನೆಯ ತಾರೀಖಿನ ಮಾತು. ಯಾಕೋ ನನ್ನ ಮೊಣಕಾಲು ಹಿಡಿದುಕೊಂಡಿದೆ. ನೋಡೋಣ.

ನಿನ್ನವನು

*

ಮಾರ್ಚ್ 11

ಯಜಮಾನರಿಗೆ,

ನಿಮ್ಮ ಮೊಣಕಾಲು ಈ ಊರಿಗೆ ಹೊರಡುವ ತಾರೀಖು ಅಂದ ಕೂಡಲೇ ಹಿಡಿದುಕೊಳ್ಳುವುದು ನನಗೆ ಹೊಸದಲ್ಲ. ಹರಳೆಣ್ಣೆ ಕಪಾಟಿನ ಕೆಳಗಿನ ಅರೆಯಲ್ಲಿದೆ. ಹಚ್ಚಿಕೊಳ್ಳಿ, ರೈಲು ಹತ್ತಿ.

ವಸ್ತುಸಂಗ್ರಹಾಲಯಕ್ಕೆ ಹೋಗಿದ್ದೆ. “ಪ್ರವೇಶ ಉಚಿತ” ಎಂದು ಬಾಗಿಲ ಮೇಲೆ ಕಲ್ಲಿನಲ್ಲೇ ಕೆತ್ತಿದ್ದಾರೆ, ನಾಳೆ ಮನಸ್ಸು ಬದಲಾಯಿಸುವ ಯೋಚನೆಯೇ ಇಲ್ಲದವರ ಹಾಗೆ. ಮೆಟ್ಟಿಲ ಬಳಿ ಸ್ಟೂಲಿನ ಮೇಲೆ ಒಬ್ಬ ಹಿರಿಯ ಕಾವಲಿನವರು. ನಾನು ಹತ್ತುವಾಗ ನನ್ನ ಮುಖ ನೋಡಲಿಲ್ಲ, ನೇರ ಪಾದ ನೋಡಿದರು. ನೀವು ಹೊಲಿದ ಜೋಡು ಅವರ ಕಣ್ಣಿಗೂ ಚೆಂದ ಕಂಡಿತೆಂದು ಒಳಗೊಳಗೇ ಹಿಗ್ಗಿದೆ.

ಎರಡನೆಯ ಅಂತಸ್ತಿನಲ್ಲಿ ಕಲ್ಲಿನ ಹೆಂಗಸು ಇಲ್ಲ. ಗಾಜಿನ ಪೆಟ್ಟಿಗೆಗಳಲ್ಲಿ ಚಿಟ್ಟೆಗಳಿವೆ, ಗೋಡೆಯಿಂದ ಗೋಡೆಗೆ. ಮೊದಲನೆಯ ಅಂತಸ್ತಿನಲ್ಲೂ ಹುಡುಕಿದೆ, ಬರೀ ಮಡಕೆ. ಮೂವತ್ತು ವರ್ಷವಾಯಿತಲ್ಲ, ಎಲ್ಲಿಗೋ ಸಾಗಿಸಿರಬೇಕು. ನಿಮಗೆ ಬೇಸರವಾಗುತ್ತದೆಂದು ಬರೆಯಬೇಕೋ ಬೇಡವೋ ಎಂದು ಯೋಚಿಸಿದೆ.

ಚಿಟ್ಟೆಗಳೇನೂ ಕಡಿಮೆಯಿರಲಿಲ್ಲ. ಒಂದರ ರೆಕ್ಕೆ ನನ್ನ ಅಂಗೈಯಷ್ಟು, ಮೇಲೆ ನೀಲಿ, ಅಡಿಯಲ್ಲಿ ಒಣಗಿದೆಲೆಯ ಬಣ್ಣ. ಅಡಿಯದನ್ನು ತೋರಿಸಲೆಂದೇ ಕೆಳಗೆ ಸಣ್ಣ ಕನ್ನಡಿ ಇಟ್ಟಿದ್ದಾರೆ.

ದೋಣಿಯಲ್ಲಿ ಎಡಗಡೆ ಕೂತೆ. ಬಿಸಿಲು ನೆತ್ತಿ ಸುಟ್ಟಿತು. ಬಲಗಡೆ ಕೂತವರೆಲ್ಲ ನೆರಳಲ್ಲಿ ಸುಖವಾಗಿದ್ದರು. ಹೊಳೆಯೇ ತಿರುಗಿತೋ ಏನೋ!

ಇನ್ನೆರಡು ನಾನೇ ಕಂಡುಹಿಡಿದೆ. ನ್ಯಾಯಾಲಯದಲ್ಲಿ ಯಾರು ಬೇಕಾದರೂ ಹಿಂದಿನ ಬೆಂಚಿನಲ್ಲಿ ಕೂತು ಕೇಳಬಹುದು, ಟಿಕೀಟು ಇಲ್ಲ. ಅಣ್ಣತಮ್ಮಂದಿರು ಒಂದು ಗೋಡೆಗಾಗಿ ಜಗಳ ಆಡುತ್ತಿದ್ದರು. ನ್ಯಾಯಾಧೀಶರಿಗೆ ಆಕಳಿಕೆ ಬಂದು ಕಡತ ಅಡ್ಡ ಹಿಡಿದರು. ಸಂಗೀತ ಶಾಲೆಯ ಓಣಿಯಲ್ಲೊಂದು ಕಲ್ಲುಬೆಂಚಿದೆ. ಮೂರು ಗಂಟೆಗೆ ಕಿಟಕಿ ತೆರೆದು ಅಭ್ಯಾಸ ಮಾಡುತ್ತಾರೆ. ಒಂದು ಹುಡುಗಿ ಒಂದೇ ಕಡೆ ಹದಿನಾಲ್ಕು ಸಲ ತಪ್ಪಿದಳು. ಹದಿನೈದನೆಯದಕ್ಕೆ ಸರಿಯಾದಾಗ ಬೆಂಚಿನಲ್ಲಿದ್ದ ಅಪರಿಚಿತರೆಲ್ಲ ಚಪ್ಪಾಳೆ ತಟ್ಟಿದೆವು. ನೀವು ಇದನ್ನು ಯಾವತ್ತೂ ಹೇಳಿರಲಿಲ್ಲ!

ಇನ್ನೂ ಇದ್ದರೆ ಬರೆಯಿರಿ. ಹೂಂ.

ನಿಮ್ಮವಳು

*

ಮಾರ್ಚ್ 15

ಮನೆಯೊಡತಿಗೆ,

ಕಲ್ಲಿನ ಹೆಂಗಸನ್ನು ಸಾಗಿಸಿದ್ದಾರೆಂದು ಓದಿ ಮನಸ್ಸಿಗೆ ಒಂಥರಾ ಆಯಿತು. ಪಾಪ, ಎಲ್ಲಿ ಕೂರಿಸಿದ್ದಾರೋ. ಯಾರನ್ನೂ ಕೇಳಲು ಹೋಗಬೇಡ, ಕಾವಲಿನವರಿಗೆ ಇಂಥದ್ದೆಲ್ಲ ಗೊತ್ತಿರುವುದಿಲ್ಲ, ಕೇಳಿದರೆ ಸಿಡುಕುತ್ತಾರೆ. ಇನ್ನು ಎಡಗಡೆ ನೆರಳಿನ ಮಾತು. ನಾನು ಬೆಳಗಿನ ದೋಣಿಯ ಲೆಕ್ಕದಲ್ಲಿ ಹೇಳಿದ್ದು, ನೀನು ಮಧ್ಯಾಹ್ನ ಹೋದೆ.

ಕಳೆದದ್ದು ಕಳೆಯಿತು. ಇದು ಮಾತ್ರ ಎಲ್ಲೂ ಹೋಗುವುದಿಲ್ಲ, ಗಡಿಯಾರದ ಗೋಪುರ. ಇಡೀ ಊರಿಗೆ ಗಂಟೆ ಕೇಳಿಸುತ್ತದಲ್ಲ, ಅದೇ. ಪಕ್ಕದಲ್ಲಿ ಸಣ್ಣ ಬಾಗಿಲು, ಯಾರೂ ತಡೆಯುವುದಿಲ್ಲ. ಸುತ್ತು ಸುತ್ತಾಗಿ ಇನ್ನೂರ ಹನ್ನೆರಡು ಮೆಟ್ಟಿಲು. ನಾನು ಎಣಿಸಿದ್ದೇನೆ. ನೂರಕ್ಕೆ ಉಸಿರು ಕಟ್ಟುತ್ತದೆ, ನೂರೈವತ್ತಕ್ಕೆ ಒಂದು ಕಿಂಡಿ, ಅಲ್ಲಿ ಗಾಳಿ ಕುಡಿಯಬೇಕು. ಮೇಲೆ ಹೋದರೆ ಊರೆಲ್ಲ ಅಂಗೈಯಲ್ಲಿ. ಮನುಷ್ಯರು ಎಷ್ಟು ಸಣ್ಣಗೆ ಕಾಣುತ್ತಾರೆಂದರೆ ಅವರ ಕಾಲಲ್ಲಿ ಏನಿದೆಯೆಂದೇ ತಿಳಿಯುವುದಿಲ್ಲ.

ಬೆಂಚಿನಲ್ಲಿ ನಿನ್ನೆ ಒಂದೇ ಗಲಾಟೆ. ಮಾಸ್ತರು ನೋಡಬೇಕಾದ ಜಾಗಗಳ ಪಟ್ಟಿಯನ್ನು ಕೆಂಪು ಶಾಯಿಯಲ್ಲಿ ಬರೆದು ತಂದಿದ್ದರು. “ಮೊದಲು ಕಲ್ಲಿನ ಹೆಂಗಸು ಕಣಯ್ಯ” ಅಂದ ಗಿರಣಿಯಣ್ಣ. “ಇಪ್ಪತ್ತು ವರ್ಷದಿಂದ ಅವಳ ಮೊಣಕಾಲು ಕೇಳಿ ಕೇಳಿ ನನ್ನ ಹೆಂಡ್ತಿಗೆ ಅನುಮಾನ ಬಂದಿದೆ.” ಎಲ್ಲರೂ ನಕ್ಕರು. ನಾನೂ ನಕ್ಕೆ. ಮೊಣಕಾಲು ಇನ್ನೂ ಹಾಗೇ ಇದೆ, ನನ್ನದು.

ಎಡಗಾಲಿನ ಜೋಡಿನ ಪಟ್ಟಿ ಸಡಿಲವಾಗಿದ್ದರೆ ಎರಡನೆಯ ತೂತಿಗೆ ಹಾಕಿಕೋ.

ನಿನ್ನವನು

*

ಮಾರ್ಚ್ 19

ನಿಮಗೆ,

ಗಡಿಯಾರದ ಗೋಪುರ ನೋಡಿದೆ. ಹತ್ತಿದೆ. ಇನ್ನೂರ ಹನ್ನೆರಡು. ಸರಿಯಾಗಿ ಎಣಿಸಿದ್ದೀರಿ.

ತಂಗಿಯ ಕೈ ಪರವಾಗಿಲ್ಲ.

*

ಮಾರ್ಚ್ 23

ನನ್ನ ಮನೆಯೊಡತಿಗೆ,

ಹತ್ತಿದೆಯಾ! ನಿಜವಾಗಿ ಹತ್ತಿದೆಯಾ!

ನಿನ್ನ ಕಾಗದವನ್ನು ಬೆಂಚಿನ ಮುಂದೆ ಎರಡು ಸಲ ಓದಿದೆ. “ಇನ್ನೂರ ಹನ್ನೆರಡು ಅಂದ್ರೆ ಇನ್ನೂರ ಹನ್ನೆರಡೇ, ಒಂದು ಹೆಚ್ಚಿಲ್ಲ, ಒಂದು ಕಡಿಮೆ ಇಲ್ಲ” ಎಂದು ಮಾಸ್ತರಿಗೆ ಬೆರಳು ತೋರಿಸಿದೆ. ಅವರು ಕೆಂಪು ಶಾಯಿಯಲ್ಲಿ ಟಿಕ್ ಹಾಕಿದರು. ಒಂದು ವಾರದಿಂದ ಕುತ್ತಿಗೆಯ ಮೇಲೆ ಕೂತಿದ್ದ ಏನೋ ಒಂದು ಕೆಳಗಿಳಿದ ಹಾಗಾಯಿತು. ಮೊಣಕಾಲೂ ಹಗುರವಾಗಿದೆ. ಇಪ್ಪತ್ತಕ್ಕೆ ಹೊರಟೇಬಿಡೋಣ ಅಂದಿದ್ದೇನೆ.

ಆದರೆ ನೀನು ಇಷ್ಟು ಚುಟುಕಾಗಿ ಬರೆದರೆ ಹೇಗೆ? ಮೇಲಿಂದ ಊರು ಹೇಗೆ ಕಾಣುತ್ತದೆ? ಹೊಳೆ ಯಾವ ಕಡೆಗಿದೆ? ಗಂಟೆ ಹಿತ್ತಾಳೆಯದೋ ಕಬ್ಬಿಣದ್ದೋ? ಹೊಡೆಯುವಾಗ ಹತ್ತಿರ ನಿಂತರೆ ಎದೆ ನಡುಗುತ್ತದೆಯೇ? ನನಗೆ ಅದೆಲ್ಲ ಮರೆತಿದೆ, ಅದಕ್ಕೆ ಕೇಳುತ್ತಿದ್ದೇನೆ. ಎಲ್ಲವನ್ನೂ ಬರೆ, ಒಂದನ್ನೂ ಬಿಡಬೇಡ. ಈ ಸಲ ನೀನು ಹೇಳು, ನಾನು ಹೂಂ ಅನ್ನುತ್ತೇನೆ.

ನಿನ್ನವನು

*

ಮಾರ್ಚ್ 30

ನಿಮಗೆ,

ಮೂರು ಸಲ ಬರೆದು ಹರಿದೆ. ಇದು ನಾಲ್ಕನೆಯದು.

ಗೋಪುರ ಇಲ್ಲ. ಯಾವತ್ತೂ ಇರಲಿಲ್ಲ. ಗಡಿಯಾರ ಇರುವುದು ಸರಕು ಕಚೇರಿಯ ಗೋಡೆಯ ಮೇಲೆ, ಮೂರು ಅಂತಸ್ತಿನ ಸಾಧಾರಣ ಗೋಡೆ. ದಿನಕ್ಕೊಮ್ಮೆ ಗುಮಾಸ್ತರೊಬ್ಬರು ಒಳಗಿಂದ ಕಿಟಕಿ ತೆರೆದು ಕೈ ಚಾಚಿ ಕೀಲಿ ಕೊಡುತ್ತಾರೆ. ಸಣ್ಣ ಬಾಗಿಲು ಹುಡುಕಿ ನಾನು ಆ ಕಟ್ಟಡವನ್ನು ಎರಡು ಸುತ್ತು ಬಂದೆ. ಗುಮಾಸ್ತರು ಮೇಲಿಂದಲೇ “ಏನಮ್ಮಾ ಕಳ್ಕೊಂಡ್ರಿ?” ಅಂದರು. ಮೆಟ್ಟಿಲು ಅಂದೆ. ಅವರು ನಗಲಿಲ್ಲ, ಅದೊಂದು ಪುಣ್ಯ.

ಅದೇ ದಿನ ವಸ್ತುಸಂಗ್ರಹಾಲಯಕ್ಕೂ ಹೋಗಿ ಕಾವಲಿನವರನ್ನು ಕೇಳಿದೆ. ಅವರು ಸಿಡುಕಲಿಲ್ಲ. ಮೂವತ್ತೇಳು ವರ್ಷದಿಂದ ಅದೇ ಸ್ಟೂಲಿನ ಮೇಲಿದ್ದಾರೆ. ಕಲ್ಲಿನ ಹೆಂಗಸು ಆ ಕಟ್ಟಡದಲ್ಲಿ ಯಾವತ್ತೂ ಕೂತಿಲ್ಲವಂತೆ.

ಹತ್ತಿದೆ ಎಂದು ಸುಳ್ಳು ಬರೆದೆ. “ಇಲ್ಲ, ನೀನು ಹತ್ತಿರಲಾರೆ” ಎಂದು ನೀವು ಬರೆಯುತ್ತೀರೇನೋ ಅಂತ ಕಾದೆ. ನೀವು ಗಂಟೆ ಹಿತ್ತಾಳೆಯದೋ ಕಬ್ಬಿಣದ್ದೋ ಎಂದು ನನ್ನನ್ನೇ ಕೇಳಿದಿರಿ. ಆಗ ತಿಳಿಯಿತು, ನೀವು ಈ ಊರಿನಲ್ಲಿ ಏನನ್ನೂ ನೋಡಿಲ್ಲ.

ನಾನು ಮದುವೆಯಾದದ್ದು ನಿಮ್ಮನ್ನೋ ಈ ಊರನ್ನೋ ಎಂದು ಯಾರಾದರೂ ಕೇಳಿದ್ದರೆ ಎರಡೂ ಒಂದೇ ಅಂದುಬಿಡುತ್ತಿದ್ದೆ. ಅಷ್ಟು ನಂಬಿದ್ದೆ. ಈಗ ತಂಗಿಗೆ ಹೇಳಿದರೆ ಅವಳು ಅಂಟಿನ ಡಬ್ಬಿ ಕೆಳಗಿಟ್ಟು, “ಅಕ್ಕಾ, ಐದು ವರ್ಷ ಊರಲ್ಲಿದ್ದು ಊರು ನೋಡ್ಲಿಲ್ಲ ಅಂದ್ರೆ... ಭಾವ ಜೈಲಲ್ಲಿದ್ರಾ?” ಅಂದಳು. ಅವಳಿಗೆ ಬೈದೆ. ಆದರೆ ಆ ಮಾತು ಕೋಣೆಯಿಂದ ಹೊರಗೆ ಹೋಗುತ್ತಿಲ್ಲ. ದೀಪದ ಟೋಪಿಗಳ ಜೊತೆ ಅದೂ ನೇತಾಡುತ್ತಿದೆ.

ಒಂದೇ ಪ್ರಶ್ನೆ. ಆ ಐದು ವರ್ಷ ನೀವು ಎಲ್ಲಿದ್ದಿರಿ?

ಇದಕ್ಕೆ ಕಥೆ ಬೇಡ. ನಾನು ಹೂಂ ಅನ್ನುವುದಿಲ್ಲ.

*

ಏಪ್ರಿಲ್ 4

ನಿನಗೆ,

ಜೈಲಿನಲ್ಲಿರಲಿಲ್ಲ. ಅದನ್ನು ಮೊದಲು ಬರೆದುಬಿಡುತ್ತೇನೆ. ನಿನ್ನ ತಂಗಿಗೂ ಹೇಳು.

ಆ ಹೋಟೆಲಿನಲ್ಲೇ ಇದ್ದೆ. ಬಾಗಿಲಲ್ಲಲ್ಲ. ನೆಲದಡಿಯಲ್ಲಿ, ಬಟ್ಟೆ ಒಗೆಯುವ ಕೋಣೆಯಲ್ಲಿ. ಹಾಸಿಗೆಯ ಬಟ್ಟೆ, ಮೇಜಿನ ಬಟ್ಟೆ, ಮೈ ಒರೆಸುವ ಬಟ್ಟೆ, ದಿನವೂ ಬೆಟ್ಟದಷ್ಟು. ಬೆಳಕು ಹರಿಯುವ ಮುಂಚೆ ಕೆಳಗಿಳಿದರೆ ಬೆಳಕು ಹೋದ ಮೇಲೆ ಮೇಲೆ ಬರುವುದು. ಕೋಣೆಯ ತುಂಬ ಹಬೆ. ಗೋಡೆಯ ತುದಿಯಲ್ಲಿ ಒಂದೇ ಒಂದು ಕಿಟಕಿ, ರಸ್ತೆಯ ಮಟ್ಟಕ್ಕೆ. ಆ ಕಿಟಕಿಯಿಂದ ಊರಿನವರ ಪಾದ ಕಾಣುತ್ತಿತ್ತು. ಕಣಕಾಲಿನಿಂದ ಮೇಲೆ ಆ ಊರನ್ನು ನಾನು ನೋಡಿಲ್ಲ.

ನಾವು ಏಳು ಜನ ಒಂದು ಆಟ ಆಡುತ್ತಿದ್ದೆವು. ಅದರ ಹೆಸರು “ಎಲ್ಲಿಗೆ?”. ಕಿಟಕಿಯಲ್ಲಿ ಒಂದು ಜೋಡು ಹೋಯಿತೆಂದರೆ ಯಾರಾದರೂ “ಎಲ್ಲಿಗೆ?” ಅನ್ನುತ್ತಿದ್ದರು. ಸರದಿ ಯಾರದೋ ಅವರು ಹೇಳಬೇಕು, ಆ ಪಾದ ಎಲ್ಲಿಗೆ ಹೊರಟಿದೆ, ಅಲ್ಲಿ ಏನು ನೋಡುತ್ತದೆ ಎಂದು. ಒಂದೇ ನಿಯಮ, “ಮನೆಗೆ” ಎಂದು ಹೇಳುವಂತಿಲ್ಲ. ಹಾಗಂದರೆ ಆಟ ಅಲ್ಲಿಗೇ ಮುಗಿಯುತ್ತಿತ್ತು, ಯಾರೂ ಆಮೇಲೆ ಒಂದು ಗಂಟೆ ಮಾತಾಡುತ್ತಿರಲಿಲ್ಲ. ನನ್ನ ಸರದಿ ಬಂದರೆ ಉಳಿದ ಆರು ಜನ ಕೈ ನಿಲ್ಲಿಸಿ ಕೇಳುತ್ತಿದ್ದರು. ಕಂದು ಬೂಟಿನ ಮುದುಕ, ಹಸಿರು ಕರಿ ರಬ್ಬರಿನವನು, ಮಿಂಚುವ ಜೋಡಿನವನು ಎಲ್ಲ ಆ ಕಿಟಕಿಯಲ್ಲಿ ಹೋದವರು. ಅವರು ಹೋದ ಜಾಗಗಳನ್ನು ಮಾತ್ರ ನಾನು ಮಾಡಿದ್ದು.

ಕಲ್ಲಿನ ಹೆಂಗಸು ಇಸ್ತ್ರಿ ಮೇಜಿನ ದೊಡ್ಡಕ್ಕ. ಬಿಡುವಿನಲ್ಲಿ ಮಾತಿಲ್ಲದೆ ಕೂತಿರುತ್ತಿದ್ದಳು. ಎಡ ಮೊಣಕಾಲು ನೋವೆಂದು ಉಜ್ಜಿ ಉಜ್ಜಿ ಅವಳ ಲಂಗ ಅಲ್ಲಿ ಮಿನುಗುತ್ತಿತ್ತು. ಎಲ್ಲಾದರೂ ಒಳ್ಳೆಯ ಜಾಗದಲ್ಲಿ ಅವಳನ್ನು ಕೂರಿಸಬೇಕು ಅನ್ನಿಸುತ್ತಿತ್ತು. ಗಂಟೆ ನನಗೆ ಕೇಳಿಸುತ್ತಿತ್ತು, ಕಂಡಿರಲಿಲ್ಲ. ಇನ್ನೂರ ಹನ್ನೆರಡು ನನ್ನ ಕೆಲಸದ ಬಿಲ್ಲೆಯ ಸಂಖ್ಯೆ. ಅಲ್ಲಿ ಯಾರೂ ನನ್ನನ್ನು ಬೇರೆ ಹೆಸರಿನಿಂದ ಕರೆದದ್ದಿಲ್ಲ.

ವಾರಕ್ಕೊಂದು ರಜೆ ಇರಲಿಲ್ಲವೇ ಎಂದು ನೀನು ಕೇಳುತ್ತೀಯೆ. ಇತ್ತು. ಮೊದಲನೆಯ ರಜೆಯ ದಿನ ನಾನು ವಸ್ತುಸಂಗ್ರಹಾಲಯಕ್ಕೇ ಹೋದೆ. ಮೆಟ್ಟಿಲ ಬಳಿ ಕಾವಲಿನವನೊಬ್ಬ ಕೂತಿದ್ದ. ಅವನು ನನ್ನ ಮುಖ ನೋಡಲಿಲ್ಲ, ಪಾದ ನೋಡಿದ. ನನ್ನ ಕಾಲಲ್ಲಿದ್ದದ್ದು ಬೆರಳು ಹೊರಗೆ ಬಂದ, ಹಗ್ಗ ಕಟ್ಟಿದ ಜೋಡು. ನಾನು ಎರಡನೆಯ ಮೆಟ್ಟಿಲಿನಿಂದ ಹಿಂದಕ್ಕೆ ತಿರುಗಿದೆ. ಅದು ಉಚಿತ ಎಂದು ನನಗೆ ಗೊತ್ತೇ ಇರಲಿಲ್ಲ. ತಲೆಯೆತ್ತಿ ನೋಡಿದ್ದರೆ ತಾನೆ ಬರಹ ಕಾಣುವುದು. ಕೇಳುವುದಕ್ಕೆ ನಾಚಿಕೆ. ಆಮೇಲೆ ಯಾವ ಬಾಗಿಲಿಗೂ ಹೋಗಲಿಲ್ಲ. ರಜೆಯ ದಿನಗಳನ್ನು ಮಲಗಿ ಕಳೆದೆ. ನಮ್ಮೂರಿಗೆ ಮರಳಿದವನೇ ಜೋಡು ಮಾಡುವುದನ್ನು ಕಲಿತೆ.

ನಿಮ್ಮ ಅಪ್ಪನ ಮನೆಗೆ ಬಂದ ದಿನ ನಿಜ ಹೇಳಬೇಕೆಂದೇ ಬಂದಿದ್ದೆ. ನೀನು ಬಾಗಿಲಿಗೆ ಒರಗಿ ನಿಂತು “ಹೂಂ, ಆಮೇಲೆ?” ಅಂದೆ. ಆಮೇಲೆ ನನ್ನಿಂದ ನಿಲ್ಲಿಸಲಾಗಲಿಲ್ಲ.

ಇಪ್ಪತ್ತಕ್ಕೆ ನಾನು ಬರುವುದಿಲ್ಲ. ಬೆಂಚಿನವರಿಗೆ ಏನಾದರೂ ಹೇಳುತ್ತೇನೆ. ನೀನು ಏನು ಬರೆದರೂ ಸರಿ. ಏನೂ ಬರೆಯದಿದ್ದರೂ.

*

ಏಪ್ರಿಲ್ 9

ಜೋಡಿನ ಅಂಗಡಿಯ ಯಜಮಾನರಿಗೆ,

ನಿಮ್ಮ ಕಾಗದ ನಿನ್ನೆ ಬೆಳಿಗ್ಗೆ ಬಂತು. ಓದುತ್ತ ಓದುತ್ತ ಒಂದು ದೀಪದ ಟೋಪಿಗೆ ಬಟ್ಟೆಯನ್ನು ತಲೆಕೆಳಗಾಗಿ ಅಂಟಿಸಿದೆ. ತಂಗಿ ಬೈಯಲಿಲ್ಲ. ನನ್ನ ಮುಖ ನೋಡಿ, “ಜೈಲಲ್ಲ ತಾನೆ?” ಅಂದಳಷ್ಟೆ. ಅಲ್ಲ ಅಂದೆ. “ಸದ್ಯ. ನನ್ನ ಬಾಯಿಗಿಷ್ಟು” ಎಂದು ತಾನೇ ಬಾಯಿಗೆ ಹೊಡೆದುಕೊಂಡಳು, ಪಟ್ಟಿ ಕಟ್ಟಿದ ಕೈಯಿಂದ.

ಸಿಟ್ಟು ಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಮೂವತ್ತು ವರ್ಷ ನನ್ನನ್ನು ಮೇಲಿನ ಅಂತಸ್ತುಗಳಲ್ಲೆಲ್ಲ ಸುತ್ತಾಡಿಸಿ, ನೀವಿದ್ದ ಕೆಳಗಿನ ಕೋಣೆಗೆ ಒಂದು ಸಲವೂ ಕರೆಯಲಿಲ್ಲ. ಆ ಸಿಟ್ಟು ಇದೆ, ನೀವು ಬಂದ ಮೇಲೆ ಎದುರಿಗೇ ತೀರಿಸಿಕೊಳ್ಳುತ್ತೇನೆ.

ಆದರೆ ಈಗ ಬೇರೊಂದು ಮಾತಿದೆ. ಕಥೆಯಲ್ಲ, ಕಣ್ಣಾರೆ ಕಂಡದ್ದು. ನಿಧಾನವಾಗಿ ಓದಿ.

ನಿನ್ನೆ ಅಂಟು ಒಣಗಲು ಬಿಟ್ಟು ನೇರ ವಸ್ತುಸಂಗ್ರಹಾಲಯಕ್ಕೆ ಹೋದೆ. ಒಳಗೆ ಹೋಗಲಿಲ್ಲ. ಎದುರಿನ ಕಟ್ಟೆಯ ಮೇಲೆ ಕೂತು ಕಾವಲಿನವರನ್ನೇ ನೋಡುತ್ತಿದ್ದೆ. ಒಬ್ಬರು ಕಪ್ಪು ಕೋಟಿನವರು ಬಂದರು, ನಾನು ನೋಡಿದ್ದೆನಲ್ಲ, ಆ ಆಕಳಿಸಿದ ನ್ಯಾಯಾಧೀಶರು. ಕಾವಲಿನವರು ಅವರ ಪಾದ ನೋಡಿದರು. ಕೈ ಕೈ ಹಿಡಿದು ಗಂಡಹೆಂಡತಿ ಬಂದರು, ಅವರ ಪಾದ. ಅಮ್ಮನ ಸೊಂಟದಿಂದ ಇಳಿದ ಮಗು, ಅದರ ಪಾದ. ಅರ್ಧ ಗಂಟೆಯಲ್ಲಿ ಒಬ್ಬರ ಮುಖವನ್ನೂ ಅವರು ನೋಡಲಿಲ್ಲ.

ಎದ್ದು ಹೋಗಿ ಕೇಳಿಯೇಬಿಟ್ಟೆ. “ಅಲ್ಲ ಅಣ್ಣಾ, ಎಲ್ಲರ ಕಾಲನ್ನೂ ಯಾಕೆ ನೋಡ್ತೀರಿ?”

“ಮೂರನೇ ಮೆಟ್ಟಿಲು ತಾಯಿ” ಅಂದರು. “ಕಟ್ಟಿದೋನು ಯಾವ ಗುಂಗಲ್ಲಿದ್ನೋ, ಉಳಿದವಕ್ಕಿಂತ ಹೆಬ್ಬೆಟ್ಟಿನಷ್ಟು ಎತ್ತರ ಮಾಡಿಟ್ಟ. ಮೇಲೆ ನೋಡ್ಕೊಂಡು ಬರ್ತಾರೆ, ಮುಗ್ಗರಿಸಿ ಬೀಳ್ತಾರೆ. ಕೆಲಸಕ್ಕೆ ಸೇರಿದ ದಿನ ಸಾಹೇಬ್ರು ಹೇಳಿದ್ದು ಒಂದೇ ಮಾತು, ಕಾಲು ನೋಡ್ಕೋ, ಯಾರೂ ಬೀಳಬಾರದು ಅಂತ. ಎಡವೋ ಹಾಗೆ ಕಂಡ್ರೆ ಕೈ ಕೊಡ್ತೀನಿ. ಮೂವತ್ತೇಳು ವರ್ಷದಿಂದ ಇದೇ ಕೆಲಸ.”

ನಾನು ಬಗ್ಗಿ ಗೇಣು ಹಾಕಿ ಅಳೆದೆ. ನಿಜ. ಮೂರನೆಯದು ಎತ್ತರ.

ಮೂವತ್ತೇಳು ವರ್ಷ ಅಂದರೆ ನೀವು ಹೋದ ದಿನವೂ ಅಲ್ಲಿ ಕೂತಿದ್ದವರು ಇವರೇ. ಎರಡನೆಯ ಮೆಟ್ಟಿಲಿನಿಂದ ತಿರುಗಿದೆ ಎಂದು ಬರೆದಿದ್ದೀರಿ. ಇನ್ನೊಂದು ಹೆಜ್ಜೆ ಇಟ್ಟಿದ್ದರೆ ಅವರು ಕೈ ಕೊಡುತ್ತಿದ್ದರು.

ನನಗೆ ಅಲ್ಲೇ ಕೂತುಕೊಳ್ಳಬೇಕೆನಿಸಿತು. ಕೂತೆ. ಅವರು ಏನೂ ಕೇಳದೆ ತಮ್ಮ ಬಾಟಲಿಯಿಂದ ನೀರು ಕೊಟ್ಟರು.

ಆಮೇಲೆ ನೀವು ಬೇಡ ಅಂದ ಕಡೆ ಹೋದೆ. ಹೋಟೆಲಿನ ಬಾಗಿಲವನು ಒರಟನಲ್ಲ, ಹಿಂಬದಿಯ ರಸ್ತೆಯ ದಾರಿ ತೋರಿಸಿದ. ನಿಮ್ಮ ಕಿಟಕಿ ಇದೆ. ಕಂಬಿಗೆ ಹೊಸ ಬಣ್ಣ ಬಳಿದಿದ್ದಾರೆ, ಒಳಗೆ ಅದೇ ಹಬೆ. ನಾನು ಬಗ್ಗಿ ನೋಡಲಿಲ್ಲ. ನೀವು ಹೊಲಿದ ಜೋಡು ಒಳಗಿನವರಿಗೆ ಚೆನ್ನಾಗಿ ಕಾಣುವ ಹಾಗೆ ಕಿಟಕಿಯ ಎದುರು ಸುಮ್ಮನೆ ನಿಂತೆ. ಎಡಗಾಲಿನ ಪಟ್ಟಿಯನ್ನು ಎರಡನೆಯ ತೂತಿಗೆ ಹಾಕಿಕೊಂಡೆ. ಒಳಗೆ ಒಂದು ಹೆಂಗಸಿನ ದನಿ ಏನೋ ಅಂದಿತು, ಯಾರೋ ಏನೋ ಉತ್ತರ ಕೊಟ್ಟರು, ಎಲ್ಲರೂ ನಕ್ಕರು. ಮಾತು ತಿಳಿಯಲಿಲ್ಲ. ನನ್ನನ್ನು ಎಲ್ಲಿಗೆ ಕಳಿಸಿದರೋ.

ಇಪ್ಪತ್ತಕ್ಕೆ ನೀವು ಬರಬೇಕು. ಬೆಂಚಿನವರಿಗೆ ಏನು ಹೇಳುತ್ತೀರೋ ನಿಮಗೆ ಬಿಟ್ಟದ್ದು. ನಾನಂತೂ ಯಾರಿಗೂ ಏನೂ ಹೇಳುವುದಿಲ್ಲ.

ನಿಮ್ಮವಳು

*

ಏಪ್ರಿಲ್ 13

ಮನೆಯೊಡತಿಗೆ,

ಹೆಬ್ಬೆಟ್ಟಿನಷ್ಟು. ನಿನ್ನೆಯಿಂದ ನನ್ನ ಹೆಬ್ಬೆಟ್ಟನ್ನೇ ನೋಡುತ್ತಿದ್ದೇನೆ. ಗಿರಾಕಿಯೊಬ್ಬರು “ಏನಾಯ್ತು, ಸೂಜಿ ಚುಚ್ಚಿತಾ?” ಎಂದು ಕೇಳಿದರು.

ಸಂಜೆ ಬೆಂಚಿನವರಿಗೆ ಎಲ್ಲ ಹೇಳಿದೆ. ಉಳಿ ಕೆಳಗಿಟ್ಟು, ಒಗೆಯುವ ಕೋಣೆಯಿಂದ ಹಿಡಿದು ಮೂರನೆಯ ಮೆಟ್ಟಿಲಿನವರೆಗೆ, ಒಂದನ್ನೂ ಸೇರಿಸದೆ. ನಾನು ಹೇಳಿದ ಕಥೆಗಳಲ್ಲೆಲ್ಲ ಇದೇ ಚಿಕ್ಕದು. ಮುಗಿದ ಮೇಲೆ ಮಾಸ್ತರು ಕನ್ನಡಕ ಒರೆಸಿದರು.

ಕೊನೆಗೆ ಗಿರಣಿಯಣ್ಣ ಕೆಮ್ಮಿ, “ಅಲ್ಲಯ್ಯ, ನಾನು ಮೊದಲಿನಿಂದ ಯೋಚನೆ ಮಾಡ್ತಾನೇ ಇದ್ದೆ. ಇಷ್ಟು ವರ್ಷದಲ್ಲಿ ನೀನು ಒಬ್ಬನ ಮೀಸೆ ಹೇಗಿತ್ತು ಅಂತ ಹೇಳಿದ್ದಿಲ್ಲ. ಬರೀ ಬೂಟು ಬೂಟು ಬೂಟು. ಜೋಡಿನವನು, ಕಸುಬಿನ ಹುಚ್ಚು ಅಂದ್ಕೊಂಡಿದ್ದೆ” ಅಂದ.

“ಹಾಗಾದ್ರೆ ನಮಗೆ ಊರು ತೋರ್ಸೋರು ಯಾರು?” ಎಂದು ಅಂಚೆಯಣ್ಣನ ಚಿಂತೆ.

“ನನ್ನ ಹೆಂಡತಿ” ಅಂದೆ.

ಮಾಸ್ತರು ಕೆಂಪು ಶಾಯಿಯ ಪಟ್ಟಿ ತೆಗೆದರು. ಹೊಡೆದುಹಾಕುತ್ತಾರೆಂದು ನಾನು ತಲೆ ಬಗ್ಗಿಸಿದೆ. ಅವರು ಹೊಡೆದುಹಾಕಲಿಲ್ಲ, ಕೊನೆಯಲ್ಲಿ ಒಂದು ಸಾಲು ಸೇರಿಸಿದರು. ಓದಲು ಕೊಟ್ಟರು. “ಹೋಟೆಲಿನ ಹಿಂಬದಿಯ ಕಿಟಕಿ. ಪ್ರವೇಶ ಉಚಿತ.”

ಇಪ್ಪತ್ತರ ಬೆಳಗಿನ ರೈಲಿಗೆ ನಾಲ್ಕು ಜನ ಹೊರಡುತ್ತೇವೆ. ನನಗಾಗಿ ಒಂದು ಜೊತೆ ಹೊಸ ಜೋಡು ಹೊಲಿಯುತ್ತಿದ್ದೇನೆ. ಮೂವತ್ತು ವರ್ಷದಲ್ಲಿ ನನ್ನ ಕಾಲಿಗೆಂದು ಇದೇ ಮೊದಲು ಅಳತೆ ತೆಗೆದದ್ದು. ಬಲಗಾಲು ಎಡಕ್ಕಿಂತ ಸ್ವಲ್ಪ ದೊಡ್ಡದಂತೆ, ನನಗೇ ಗೊತ್ತಿರಲಿಲ್ಲ.

ನನಗೆ ದಾರಿ ಗೊತ್ತಿಲ್ಲ. ನಿಲ್ದಾಣದಿಂದ ಹೇಗೆ ಬರಬೇಕು, ಬರೆ. ಹೂಂ ಅನ್ನುತ್ತೇನೆ.

ನಿನ್ನವನು

*

ಏಪ್ರಿಲ್ 16

ಯಜಮಾನರಿಗೆ,

ಕೇಳಿ. ನಿಲ್ದಾಣದಲ್ಲಿ ಇಳಿದು ಎಡಗಡೆಯ ಬಾಗಿಲಿನಿಂದ ಹೊರಗೆ ಬನ್ನಿ. ಬಲಗಡೆಯದರಲ್ಲಿ ಬಂದರೆ ಗಾಡಿಯವರು ಮುತ್ತಿಕೊಳ್ಳುತ್ತಾರೆ, ನಾನು ಬಂದ ದಿನದ ಹಾಗೆ ಗಡಿಯಾರವೂ ಕಾಣುವುದಿಲ್ಲ. ಎದುರಿಗೆ ಗೋಡೆಯ ಮೇಲೆ ಗಡಿಯಾರ ಕಾಣುತ್ತದೆ. ಅದರ ಕೆಳಗೆ ನಾನೂ ತಂಗಿಯೂ ನಿಂತಿರುತ್ತೇವೆ. ಅವಳ ಪಟ್ಟಿ ನಾಡಿದ್ದು ಬಿಚ್ಚುತ್ತಾರೆ. ಎಂಟು ವರ್ಷದಲ್ಲಿ ಮೊದಲ ಸಲ ಅವಳೂ ಊರು ನೋಡಲು ಬರುತ್ತಾಳಂತೆ. ಅಂದು ದೀಪದ ಟೋಪಿಗಳಿಗೆ ರಜೆ.

ನಾಲ್ಕು ಗಂಟೆಗೆ ಗುಮಾಸ್ತರು ಕೀಲಿ ಕೊಡುತ್ತಾರೆ. ಒಳಗಿನಿಂದ ನೋಡಲು ಬಿಡುತ್ತೀರಾ ಎಂದು ಕೇಳಿಟ್ಟಿದ್ದೇನೆ, ಬನ್ನಿ ಅಂದಿದ್ದಾರೆ. ಗಂಟೆ ಹಿತ್ತಾಳೆಯದು. ಅವರ ಕಿಟಕಿಗೆ ನಲವತ್ತೆಂಟು ಮೆಟ್ಟಿಲು, ನಾನು ಎಣಿಸಿದ್ದೇನೆ. ಉಳಿದದ್ದನ್ನು ಊರೆಲ್ಲ ಸುತ್ತಿ ಭರ್ತಿ ಮಾಡೋಣ. ದೋಣಿಯಲ್ಲಿ ಬಲಗಡೆ ಕೂರುವುದು, ಮರೆಯಬೇಡಿ.

ಮೊದಲು ಮಾತ್ರ ವಸ್ತುಸಂಗ್ರಹಾಲಯ. ಹೊಸ ಜೋಡು ಹಾಕಿಕೊಳ್ಳಿ ಅಥವಾ ಹಳೆಯದು, ನಿಮ್ಮಿಷ್ಟ. ಬೆಂಚಿನವರು ಮುಂದೆ ಹೋಗಲಿ, ನಾವು ಹಿಂದೆ ನಿಧಾನವಾಗಿ ಹತ್ತೋಣ. ಮೇಲಿನ ಬರಹವನ್ನು ತಲೆಯೆತ್ತಿ ಓದಿ, ಅವಸರವಿಲ್ಲ. ಮೂರನೆಯ ಮೆಟ್ಟಿಲು ನೆನಪಿರಲಿ, ನಾನು ಪಕ್ಕದಲ್ಲಿರುತ್ತೇನೆ.

ಕಾವಲಿನವರು ನಿಮ್ಮ ಪಾದ ನೋಡುತ್ತಾರೆ. ನೋಡಲಿ.

ನಿಮ್ಮವಳು